ಆಟವನ್ನು ಪೊಟ್ಟಣ ಕಟ್ಟಿ ಮಾರುವವರು

ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟಿ ಕೈ ಪಳಗಿದವರಿಗೆ ಒಂದು ಸಂಗತಿಯನ್ನು ನಾವು ಹೇಳಿಕೊಡಬೇಕಾಗಿಲ್ಲ. ಇಡ್ಲಿ ಅದೇ, ಚಟ್ನಿ ಅದೇ. ಆದರೆ ಬಾಳೆಲೆಯ ತುಂಡಿನಲ್ಲಿಟ್ಟು, ಮೇಲೊಂದು ಕಾಗದ ಸುತ್ತಿ, ದಾರ ಬಿಗಿದು ಕೊಟ್ಟಾಗ ಗಿರಾಕಿಯು ಅದನ್ನು ಹಿಡಿದುಕೊಂಡು ಹೋಗುವ ಗತ್ತೇ ಬೇರೆ. ಗಲ್ಲಾದ ಹಿಂದೆ ಕುಳಿತು ಹಲವು ವರ್ಷ ಇದನ್ನು ಕಂಡವರಾದುದರಿಂದಲೇ ಅಮೆರಿಕದ ವಿಡಿಯೋ ಗೇಮ್ ವ್ಯಾಪಾರದ ಈ ಕಥೆಯು ನಮ್ಮ ಮನಸ್ಸನ್ನು ಹಿಡಿಯಿತು.

ರಾತ್ರಿ ಷಟರ್ ಎಳೆದ ಮೇಲೆ ನಮ್ಮ ಹುಡುಗರು ಮೊಬೈಲಿನಲ್ಲಿ ಆಡುವ ಆಟಗಳಿಗೆ ರೂಪವೂ ಇಲ್ಲ, ತೂಕವೂ ಇಲ್ಲ. ಗಾಳಿಯಲ್ಲಿ ಬರುತ್ತವೆ, ಗಾಳಿಯಲ್ಲಿಯೇ ಹೋಗುತ್ತವೆ. ಆದರೆ ಈ ಉದ್ಯಮವು ಹುಟ್ಟಿದ ಕಾಲದಲ್ಲಿ ಆಟವೆಂಬುದು ಕೈಯಲ್ಲಿ ಹಿಡಿಯತಕ್ಕ ವಸ್ತುವಾಗಿದ್ದಿತು. ಅದನ್ನು ಮಾಡಿದವನೇ ಪೊಟ್ಟಣವನ್ನೂ ಕಟ್ಟುತ್ತಿದ್ದನು.

೧೯೭೯ನೆಯ ಇಸವಿಯ ಬೇಸಗೆಯಲ್ಲಿ ಟೆಕ್ಸಾಸ್ ಪ್ರಾಂತದ ಹ್ಯೂಸ್ಟನ್ ನಗರದ ಬಳಿ ರಿಚರ್ಡ್ ಗ್ಯಾರಿಯಟ್ ಎಂಬ ತರುಣರು ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ತಂದೆ ಓವನ್ ಗ್ಯಾರಿಯಟ್ ಅವರು ಬಾಹ್ಯಾಕಾಶಯಾತ್ರಿಗಳು. ತಾಯಿ ಹೆಲೆನ್ ಅವರು ಚಿತ್ರಕಲಾವಿದೆ. ಮಗನು ತನ್ನ ವಿನೋದಕ್ಕಾಗಿ ಬರೆದಿದ್ದ ‘ಅಕಲಬೆತ್’ ಎಂಬ ಆಟವನ್ನು ಕಂಡ ಅಂಗಡಿಯ ಯಜಮಾನರು, ಇದನ್ನು ಇಲ್ಲಿಯೇ ಏಕೆ ಮಾರಬಾರದು ಎಂದರಂತೆ. ತಾಯಿಯು ಮುಖಚಿತ್ರ ಬರೆದುಕೊಟ್ಟರು. ಆಟದ ವಿವರಣೆಯನ್ನು ಝೆರಾಕ್ಸ್ ಮಾಡಿಸಿ, ಅದನ್ನೂ ಫ್ಲಾಪಿ ಡಿಸ್ಕನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಒತ್ತಿ ಮುಚ್ಚಿ ಅಂಗಡಿಯ ಗೋಡೆಗೆ ತೂಗುಹಾಕಲಾಯಿತು. ಖರ್ಚಾದುದು ಸುಮಾರು ೨೦೦ ಡಾಲರು. ಅಲ್ಲಿ ಖರ್ಚಾದ ಚೀಲಗಳು ಒಂದು ಡಜನಿನ ಆಸುಪಾಸು. ಆದರೆ ಅವುಗಳಲ್ಲೊಂದು ಕ್ಯಾಲಿಫೋರ್ನಿಯಾದ ಪ್ರಕಾಶಕರ ಕೈ ಸೇರಿ, ೧೯೮೦ರಲ್ಲಿ ಅವರು ಅದನ್ನು ದೇಶಾದ್ಯಂತ ಮಾರಿದರು. ಗ್ಯಾರಿಯಟ್ಟರೇ ಹೇಳಿಕೊಂಡಿರುವಂತೆ ೩೦,೦೦೦ ಪ್ರತಿಗಳು ಮಾರಾಟವಾಗಿ, ಪ್ರತಿಯೊಂದಕ್ಕೆ ೫ ಡಾಲರಿನಂತೆ ಅವರ ಪಾಲಿಗೆ ಬಂದಿತು. ಲೆಕ್ಕ ಬಲ್ಲ ಗುಮಾಸ್ತ ಮಿತ್ರರು ಗುಣಿಸಿ ನೋಡಿಕೊಳ್ಳಲಿ.

ಇದೇ ಗ್ಯಾರಿಯಟ್ಟರು ತಮ್ಮ ‘ಅಲ್ಟಿಮಾ’ ಆಟದ ಎರಡನೆಯ ಭಾಗವನ್ನು ಹೊರತರುವಾಗ, ಪೆಟ್ಟಿಗೆಯಲ್ಲಿ ಬಟ್ಟೆಯ ಮೇಲೆ ಅಚ್ಚು ಮಾಡಿದ ನಕ್ಷೆಯೊಂದು ಇರಲೇಬೇಕೆಂದು ಪಟ್ಟುಹಿಡಿದರು. ಬಟ್ಟೆಯ ಖರ್ಚು ಯಾರಿಗೆ ಬೇಕು? ಹಲವು ಪ್ರಕಾಶಕರು ಹಿಂಜರಿದರು. ಒಪ್ಪಿದವರು ಕೆನ್ ಮತ್ತು ರೊಬರ್ಟಾ ವಿಲಿಯಮ್ಸ್ ದಂಪತಿಗಳು. ೧೯೮೦ರಲ್ಲಿ ತಮ್ಮ ಮೊದಲನೆಯ ಆಟವಾದ ‘ಮಿಸ್ಟರಿ ಹೌಸ್’ ಅನ್ನು ಅವರೂ ಅಂತಹದೇ ಪ್ಲಾಸ್ಟಿಕ್ ಚೀಲದಲ್ಲಿ ಮಾರಿದವರು. ೧೯೮೨ರಲ್ಲಿ ಬಟ್ಟೆಯ ನಕ್ಷೆಯೊಡನೆ ಆಟವು ಹೊರಬಂದಿತು.

ಆದರೆ ಪೊಟ್ಟಣದ ಕಲೆಯನ್ನು ಪರಾಕಾಷ್ಠೆಗೆ ಒಯ್ದವರು ಮೆಸಾಚುಸೆಟ್ಸಿನ ಇನ್ಫೋಕಾಮ್ ಸಂಸ್ಥೆಯವರು. ಅವರ ಆಟಗಳಲ್ಲಿ ಚಿತ್ರಗಳೇ ಇರಲಿಲ್ಲ, ಬರಿಯ ಅಕ್ಷರಗಳು. ೧೯೮೨ರ ‘ಡೆಡ್‌ಲೈನ್’ ಎಂಬುದು ಶ್ರೀಮಂತನೊಬ್ಬನ ಸಾವಿನ ಪತ್ತೇದಾರಿ ಕಥೆ. ಅಂದಿನ ಡಿಸ್ಕಿನಲ್ಲಿ ಹಿಡಿಯುತ್ತಿದ್ದುದು ಅತ್ಯಲ್ಪ. ಸಾಕ್ಷಿಗಳ ಹೇಳಿಕೆಗಳನ್ನೆಲ್ಲ ಅದರಲ್ಲಿ ತುಂಬಲು ಎಡೆಯೇ ಇಲ್ಲ. ಏನು ಮಾಡುವುದು? ಅವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಪೋಲೀಸ್ ಕಡತದಂತೆ ಕಟ್ಟಿದರು. ಪ್ರಯೋಗಶಾಲೆಯ ವರದಿ, ಶವ ದೊರೆತ ಸ್ಥಳದ ಭಾವಚಿತ್ರ, ಪುಟ್ಟ ಚೀಲವೊಂದರಲ್ಲಿ ‘ಶವದ ಬಳಿ ಸಿಕ್ಕಿದ’ ಗುಳಿಗೆಗಳು ಇವೆಲ್ಲವೂ ಅದರೊಳಗಿದ್ದುವು. ಅಭಾವವೇ ಅಲಂಕಾರವಾದ ಪರಿ ಇದು. ಅಡುಗೆಮನೆಯಲ್ಲಿ ತೆಂಗಿನಕಾಯಿ ಮುಗಿದ ದಿನ ಹೊಸ ಚಟ್ನಿ ಕಂಡುಹಿಡಿದ ಭಟ್ಟರನ್ನು ನಾವೂ ಬಲ್ಲೆವು.

ಮುಂದಿನ ‘ಸ್ಟಾರ್‌ಕ್ರಾಸ್’ ಆಟವನ್ನು ಹಾರುವ ತಟ್ಟೆಯ ಆಕಾರದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರು. ಒಳಗಿದ್ದ ನಕ್ಷತ್ರಗಳ ನಕ್ಷೆಯು ಕೇವಲ ಶೃಂಗಾರವಾಗಿರಲಿಲ್ಲ. ಅದರಲ್ಲಿನ ಅಂಕಿಗಳನ್ನು ಹೇಳದಿದ್ದರೆ ಆಟವು ಮುಂದೆ ಸಾಗದು. ಡಿಸ್ಕನ್ನು ಕದ್ದು ನಕಲು ಮಾಡಿಕೊಂಡವನು ನಡುದಾರಿಯಲ್ಲಿಯೇ ನಿಲ್ಲಬೇಕು! ಅಂಗಡಿಯವರಿಗೆ ಮಾತ್ರ ಆ ತಟ್ಟೆಯು ತಲೆನೋವಾಯಿತು. ಕಪಾಟಿನಲ್ಲಿ ಅದು ನಿಲ್ಲಲೊಲ್ಲದು. ಕೊನೆಗೆ ಎಲ್ಲ ಆಟಗಳಿಗೂ ಒಂದೇ ಅಳತೆಯ ಪುಸ್ತಕಾಕಾರದ ಪೆಟ್ಟಿಗೆ ಬಂದಿತು. ೧೯೮೪ರಲ್ಲಿ ಲೇಖಕ ಡಗ್ಲಸ್ ಆಡಮ್ಸ್ ಅವರೊಡನೆ ಸೇರಿ ತಂದ ವಿನೋದಮಯ ಆಟದ ಪೆಟ್ಟಿಗೆಯಲ್ಲಿ ಕಪ್ಪು ರಟ್ಟಿನ ಕನ್ನಡಕವೊಂದು, ಜೇಬಿನ ಧೂಳೆಂದು ಹತ್ತಿಯ ಉಂಡೆಯೊಂದು, ಜೊತೆಗೆ ಖಾಲಿ ಚೀಲವೊಂದು. ಕಣ್ಣಿಗೆ ಕಾಣದಷ್ಟು ಸಣ್ಣ ಅಂತರಿಕ್ಷ ನೌಕಾಪಡೆಯು ಅದರಲ್ಲಿದೆಯಂತೆ! ಖಾಲಿ ಚೀಲವನ್ನು ಕೊಟ್ಟೂ ಗಿರಾಕಿಯನ್ನು ನಗಿಸಿದ ವ್ಯಾಪಾರಿಯನ್ನು ನಾವು ಬೇರೆಲ್ಲೂ ಕೇಳಿಲ್ಲ. ೧೯೮೬ರಲ್ಲಿ ಸಂಸ್ಥೆಯು ಬೇರೆಯವರ ಪಾಲಾಗಿ, ೧೯೮೯ರಲ್ಲಿ ಅಲ್ಲಿನ ಕಚೇರಿಯು ಮುಚ್ಚಿತು.

ಅನಂತರ ಇಂಟರ್‌ನೆಟ್ಟಿನ ಅಂಗಡಿಗಳು ಬಂದುವು. ಒಬ್ಬಿಬ್ಬರೇ ಕುಳಿತು ಆಟ ರಚಿಸುವ ಬಡ ಕರ್ತೃಗಳಿಗೆ ಅವುಗಳಿಂದ ಮಹದುಪಕಾರವಾಯಿತೆಂಬುದನ್ನು ಅಲ್ಲಗಳೆಯಲಾಗದು. ಪೆಟ್ಟಿಗೆಯ ಖರ್ಚಿಲ್ಲ, ದಾಸ್ತಾನಿನ ಭಯವಿಲ್ಲ. ಆದರೆ ಕೊಂಡವನಿಗೆ ದೊರೆತುದೇನು? ೨೦೨೩ರ ಮಾರ್ಚಿಯಲ್ಲಿ ಜಪಾನಿನ ನಿಂಟೆಂಡೋ ಸಂಸ್ಥೆಯು ತನ್ನ ಎರಡು ಹಳೆಯ ಯಂತ್ರಗಳ ಇಂತಹ ಅಂಗಡಿಯಲ್ಲಿ ಮಾರಾಟವನ್ನು ನಿಲ್ಲಿಸಿತು. ಅಲ್ಲಿ ಮಾತ್ರ ದೊರೆಯುತ್ತಿದ್ದ ಸಣ್ಣ ಆಟಗಳನ್ನು ಅಂದಿನಿಂದ ಆ ಯಂತ್ರಗಳಿಗೆ ಹೊಸದಾಗಿ ಕೊಳ್ಳುವ ದಾರಿಯೇ ಮುಚ್ಚಿತು. ಕ್ಯಾಲಿಫೋರ್ನಿಯಾ ಪ್ರಾಂತವು ೨೦೨೪ರಲ್ಲಿ ಕಾನೂನೊಂದನ್ನು ಮಾಡಿ, ಇಂತಹ ಮಾರಾಟದಲ್ಲಿ ಗಿರಾಕಿಗೆ ಸಿಗುವುದು ಒಡೆತನವಲ್ಲ, ಬಳಸುವ ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಬೇಕೆಂದು ವಿಧಿಸಿತು. ಊಟಕ್ಕೆ ಹಣ ತೆತ್ತವನಿಗೆ, ಎಲೆಯನ್ನು ನಾವು ಯಾವಾಗ ಬೇಕಾದರೂ ಎತ್ತಬಹುದು ಎಂದಂತೆ!

ಈ ಅಸಮಾಧಾನವೇ ಪೊಟ್ಟಣಕ್ಕೆ ಮರುಜೀವ ಕೊಟ್ಟಿತೆಂದು ನಮ್ಮ ಊಹೆ. ೨೦೧೫ರಲ್ಲಿ ಉತ್ತರ ಕೆರೊಲಿನಾದಲ್ಲಿ ಆರಂಭವಾದ ಲಿಮಿಟೆಡ್ ರನ್ ಗೇಮ್ಸ್ ಎಂಬ ಸಂಸ್ಥೆಯು ಮೊದಲನೆಯ ಆಟವನ್ನು ಅಚ್ಚು ಹಾಕಿಸಿದ್ದು ೧,೫೦೦ ಪ್ರತಿ ಮಾತ್ರ. ಎರಡು ಗಂಟೆಯೊಳಗೆ ಎಲ್ಲವೂ ಮಾರಿಹೋದುವು. ಈ ವ್ಯಾಪಾರದಲ್ಲಿ ಇನ್ನೊಂದು ಪದ್ಧತಿಯೂ ಇದೆ: ಕೆಲವು ವಾರಗಳ ಕಾಲ ಹಣ ಸಹಿತ ಆರ್ಡರ್ ಪಡೆದು, ಬಂದಷ್ಟಕ್ಕೇ ಪ್ರತಿ ಮಾಡಿಸುವುದು. ಎಲೆಗಳನ್ನು ಎಣಿಸಿಯೇ ಅಕ್ಕಿ ತೊಳೆಯುವ ಈ ಕ್ರಮದಲ್ಲಿ ಮಿಕ್ಕು ಹಳಸುವ ಭಯವಿಲ್ಲ. ಆದರೆ ಗಿರಾಕಿಯು ತಿಂಗಳುಗಟ್ಟಲೆ ಕಾಯಬೇಕು. ಟೋಬಿ ಫಾಕ್ಸ್ ಎಂಬವರು ಬಹುಪಾಲು ಒಬ್ಬರೇ ರಚಿಸಿ ೨೦೧೫ರಲ್ಲಿ ಇಂಟರ್‌ನೆಟ್ಟಿನಲ್ಲಿ ಮಾರಿದ ‘ಅಂಡರ್‌ಟೇಲ್’ ಆಟವು ೨೦೧೭ರಲ್ಲಿ ಪೆಟ್ಟಿಗೆಯಲ್ಲಿ ಬಂದಾಗ, ಅದರ ವಿಶೇಷ ಪ್ರತಿಯೊಡನೆ ಹೃದಯಾಕಾರದ ಪದಕವೊಂದು ಇದ್ದಿತು. ಅದು ಆಟದ ರಾಗವನ್ನು ನುಡಿಸುತ್ತದೆ.

ಎಲ್ಲ ಪೆಟ್ಟಿಗೆಗಳೂ ಪ್ರಾಮಾಣಿಕವಲ್ಲ. ಹೊರಗೆ ಬೆಡಗಿನ ರಟ್ಟು, ಒಳಗೆ ಡಿಸ್ಕಿನ ಬದಲು ಸಂಕೇತಾಕ್ಷರಗಳ ಚೀಟಿ ಮಾತ್ರ ಇರುವ ಸರಕೂ ಇಂದು ಮಾರುಕಟ್ಟೆಯಲ್ಲಿದೆ. ಆ ಚೀಟಿಯನ್ನು ಹಿಡಿದು ಪುನಃ ಇಂಟರ್‌ನೆಟ್ಟಿನ ಅಂಗಡಿಗೇ ಹೋಗಬೇಕು. ಇದನ್ನು ಪೊಟ್ಟಣವೆಂದು ಕರೆಯಲು ನಮ್ಮ ಮನಸ್ಸು ಒಪ್ಪದು.

ಗ್ಯಾರಿಯಟ್ಟರ ಆ ಪ್ಲಾಸ್ಟಿಕ್ ಚೀಲಗಳಾದರೋ, ಉಳಿದಿರುವ ಕೆಲವೇ ಕೆಲವು, ಇಂದು ಸಂಗ್ರಾಹಕರು ಸಾವಿರಾರು ಡಾಲರು ತೆತ್ತು ಹುಡುಕುವ ವಸ್ತುಗಳಾಗಿವೆ. ತಾಯಿ ಬರೆದ ಚಿತ್ರವು ಅವುಗಳೊಳಗೆ ಹಾಗೆಯೇ ಇದೆ.