ಹಳೆಯ ಕಾರಿನ ಹಳದಿ ದೀಪ

ಕುಕ್ಕರ್ ಸೀಟಿ ಹಾಕದಿದ್ದರೆ ನಾವೇನು ಮಾಡುತ್ತೇವೆ? ನೀರು ಸಾಕಷ್ಟಿದೆಯೇ, ಗ್ಯಾಸ್ಕೆಟ್ ಸಡಿಲವಾಗಿದೆಯೇ, ವೆಯ್ಟಿನ ತೂತಿನಲ್ಲಿ ಅನ್ನದ ಅಗಳು ಸಿಕ್ಕಿಕೊಂಡಿದೆಯೇ ಎಂದು ಒಂದೊಂದಾಗಿ ನೋಡುತ್ತೇವೆ. ಹೊಸ ಕುಕ್ಕರ್ ತರಲು ಅಂಗಡಿಗೆ ಓಡುವುದಿಲ್ಲ. ಆದರೆ ಮನೆ ಮುಂದಿನ ಹಳೆಯ ಕಾರಿನಲ್ಲಿ ಎಬಿಎಸ್ ಎಂದು ಬರೆದ ಹಳದಿ ದೀಪ ಹತ್ತಿಕೊಂಡರೆ ಮಾತ್ರ “ಅದು ಗಂಡಸರ ವಿಷಯ” ಎಂದು ಸುಮ್ಮನಾಗಿಬಿಡುತ್ತೇವೆ. ಗಂಡಸರೋ, “ಬ್ರೇಕ್ ಹಿಡೀತಿದೆಯಲ್ಲ, ಬಿಡು” ಅನ್ನುತ್ತಾರೆ. ಇಲ್ಲವೇ ಗ್ಯಾರೇಜಿನವರು ಹೇಳಿದ ದೊಡ್ಡ ಮೊತ್ತಕ್ಕೆ ತಲೆಯಾಡಿಸಿ ಬರುತ್ತಾರೆ. ಎರಡೂ ಸರಿಯಲ್ಲ. ಅದೇ ಕಾರಿನಲ್ಲಿ ತಾನೇ ನಮ್ಮ ಮಕ್ಕಳು ಮಳೆಯಲ್ಲಿ ಘಾಟಿ ಇಳಿಯುವುದು?

ಎಬಿಎಸ್ ಅಂದರೇನು?

ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಜೋರಾಗಿ ತುಳಿದರೆ ಚಕ್ರ ಉರುಳುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ಜಾರುವ ಚಕ್ರ ಸ್ಟಿಯರಿಂಗಿನ ಮಾತು ಕೇಳುವುದಿಲ್ಲ. ಹೀಗಾಗದಂತೆ ನೋಡಿಕೊಳ್ಳುವುದೇ ಎಬಿಎಸ್ ಕೆಲಸ. ಪ್ರತಿ ಚಕ್ರದ ಬಳಿ ಒಂದು ಸೆನ್ಸರ್ ಇರುತ್ತದೆ. ಚಕ್ರದ ಜೊತೆ ತಿರುಗುವ ಬಳೆಯಂಥ ಒಂದು ರಿಂಗ್ ಇರುತ್ತದೆ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಹಲ್ಲುಗಳಿರುತ್ತವೆ. ಸೆನ್ಸರ್ ಆ ಹಲ್ಲುಗಳನ್ನು ಎಣಿಸಿ ಚಕ್ರದ ವೇಗ ತಿಳಿಸುತ್ತದೆ. ಯಾವುದಾದರೂ ಚಕ್ರ ಏಕಾಏಕಿ ನಿಲ್ಲುವಂತಾದರೆ ಯೂನಿಟ್ಟು ಆ ಚಕ್ರದ ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿಯುತ್ತದೆ.

ಜರ್ಮನಿಯ ಬಾಷ್ ಕಂಪನಿಯ ಇಂಥ ವ್ಯವಸ್ಥೆ 1978ರಲ್ಲಿ ಮರ್ಸಿಡಿಸ್ ಬೆಂಜ್ ಕಾರಿಗೆ ಬಂತು. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಇದು ಕಡ್ಡಾಯವಾದದ್ದು 2019ರಲ್ಲಿ. ಅದಕ್ಕಿಂತ ಹಿಂದಿನ ಎಷ್ಟೋ ಕಾರುಗಳಲ್ಲಿ ಹೆಚ್ಚು ಬೆಲೆಯ ಮಾಡೆಲ್ಲಿಗೆ ಮಾತ್ರ ಇರುತ್ತಿತ್ತು. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವಾಗ ಇದನ್ನು ಕೇಳಿ ತಿಳಿದುಕೊಳ್ಳಿ.

ದೀಪದ ಭಾಷೆ

ಕೀಲಿ ತಿರುಗಿಸಿದಾಗ ಈ ಹಳದಿ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಇದು ಆರೋಗ್ಯದ ಲಕ್ಷಣ. ಹತ್ತಲೇ ಇಲ್ಲವೇ? ಖುಷಿಪಡಬೇಡಿ. ಬಲ್ಬ್ ಹೋಗಿರಬಹುದು, ಅಥವಾ ದೋಷ ಮುಚ್ಚಿಡಲು ಯಾರೋ ಬಲ್ಬನ್ನೇ ಕಿತ್ತಿರಬಹುದು. ಹಳೆಯ ಕಾರು ನೋಡಲು ಹೋದಾಗ ಮೊದಲು ಇದನ್ನು ಗಮನಿಸಿ.

ದೀಪ ಆರದೆ ಹಾಗೇ ಉಳಿದರೆ ಫ್ಯೂಸ್, ತಂತಿ, ಪಂಪಿನ ಕರೆಂಟು ಮುಂತಾದ ಕಡೆ ತೊಂದರೆ ಇರುವುದು ಹೆಚ್ಚು. ಮೊದಲು ಆರಿ, ಕಾರು ಸ್ವಲ್ಪ ದೂರ ಓಡಿದ ಮೇಲೆ ಹತ್ತಿದರೆ ಚಕ್ರದ ಕಡೆ ಅನುಮಾನ ಪಡಬೇಕು: ಸೆನ್ಸರಿಗೆ ಮೆತ್ತಿದ ಕೆಸರು, ತುಕ್ಕು ಹಿಡಿದ ರಿಂಗ್, ಸವೆದ ಬೇರಿಂಗ್. ಇನ್ನೊಂದು ಗುರುತೂ ಉಂಟು. ಒಣ ರಸ್ತೆಯಲ್ಲಿ, ನಿಧಾನವಾಗಿ ಬಂದು ನಿಲ್ಲಿಸುವಾಗ, ಕಾಲಡಿ ಪೆಡಲ್ ಗರಗರ ಎಂದು ನಡುಗಿದರೆ ರಿಂಗ್ ಬಿರುಕು ಬಿಟ್ಟಿದೆಯೇ, ಸೆನ್ಸರಿನ ಬಳಿ ತುಕ್ಕು ಕಟ್ಟಿದೆಯೇ ಎಂದು ನೋಡಿಸಬೇಕು.

ಹಳದಿ ದೀಪವೊಂದೇ ಹತ್ತಿದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತಿರುತ್ತದೆ. ಎಬಿಎಸ್ ಸಹಾಯ ಮಾತ್ರ ಇರುವುದಿಲ್ಲ. ಆದರೆ ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ಬ್ರೇಕ್ ದೀಪ ಉರಿಯುತ್ತಿದ್ದರೆ, ಅಥವಾ ಪೆಡಲ್ ಕೆಳಗಿಳಿದು ಮೆತ್ತಗಾಗಿದ್ದರೆ, ಕಾರನ್ನು ಮುಂದೆ ಓಡಿಸಬಾರದು. ಪಕ್ಕಕ್ಕೆ ನಿಲ್ಲಿಸಿ ಮೆಕ್ಯಾನಿಕನ್ನು ಅಲ್ಲಿಗೇ ಕರೆಸಿ.

ಕಡಿಮೆ ಖರ್ಚಿನಿಂದ ಶುರು ಮಾಡಿ

ಪತ್ತೆ ಮಾಡುವ ಕ್ರಮ ಹೀಗಿರಲಿ:

1. ಬ್ರೇಕ್ ಆಯಿಲ್: ಬಾನೆಟ್ ತೆರೆದರೆ ಕಾಣುವ ಪುಟ್ಟ ಡಬ್ಬಿಯಲ್ಲಿ ಆಯಿಲ್ ಮಿನಿಮಮ್, ಮ್ಯಾಕ್ಸಿಮಮ್ ಗೆರೆಗಳ ನಡುವೆ ಇರಬೇಕು. ಕಡಿಮೆಯಾಗಿದ್ದರೆ ಸುರಿದು ಸುಮ್ಮನಾಗಬೇಡಿ. ಬ್ರೇಕ್ ಪ್ಯಾಡ್ ಸವೆದಿರಬಹುದು, ಎಲ್ಲೋ ಸೋರುತ್ತಿರಬಹುದು. ಮುಚ್ಚಳದ ಮೇಲೆ ಬರೆದ ಡಾಟ್ 3 ಅಥವಾ ಡಾಟ್ 4 ನೋಡಿಯೇ ಹಾಕಿಸಿ. ಈ ಆಯಿಲ್ ಉಪ್ಪಿನ ಹಾಗೆ ತೇವ ಎಳೆದುಕೊಳ್ಳುತ್ತದೆ. ಆದ್ದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಇಲ್ಲದಿದ್ದರೆ ದುಬಾರಿ ಯೂನಿಟ್ಟಿನ ಒಳಗೇ ತುಕ್ಕು ಹಿಡಿಯುತ್ತದೆ. ಇದು ವಿಷ, ಮಕ್ಕಳ ಕೈಗೆ ಸಿಗಬಾರದು.

2. ಬ್ಯಾಟರಿ ಮತ್ತು ಫ್ಯೂಸ್: ಬ್ಯಾಟರಿ ಸೊರಗಿದ್ದರೂ ದೀಪ ಹತ್ತುವುದುಂಟು. ಎಬಿಎಸ್ ಫ್ಯೂಸ್ ಎಲ್ಲಿದೆಯೆಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ.

3. ಟಯರ್: ನಾಲ್ಕೂ ಒಂದೇ ಅಳತೆಯವೇ? ಗಾಳಿ ಸರಿಯಾಗಿದೆಯೇ? ಒಂದು ಚಕ್ರ ಚಿಕ್ಕದಾದರೆ ಅದು ಬೇಗ ತಿರುಗಿ ಲೆಕ್ಕ ತಪ್ಪಿಸುತ್ತದೆ.

4. ಸ್ಕ್ಯಾನರ್: ಇದು ಮೆಕ್ಯಾನಿಕ್ ಕೆಲಸ. ಅಗ್ಗದ ಸ್ಕ್ಯಾನರುಗಳು ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ. “ಎಬಿಎಸ್ ಕೋಡ್ ಓದುವ ಸ್ಕ್ಯಾನರ್ ಇದೆಯಾ?” ಎಂದು ಮೊದಲೇ ಕೇಳಿ. ಕೋಡಿನಿಂದ ಯಾವ ಚಕ್ರ ಎಂಬುದು ತಿಳಿಯುತ್ತದೆ. ಉದಾಹರಣೆಗೆ, ಸಿ 0035 ಎಂದರೆ ಸಾಮಾನ್ಯವಾಗಿ ಮುಂದಿನ ಎಡಚಕ್ರ. ಕೆಲವು ಕಂಪನಿಗಳು ತಮ್ಮದೇ ನಂಬರ್ ಕೊಡುತ್ತವೆ. ಸ್ಕ್ಯಾನರ್ ಹಾಕಿಕೊಂಡೇ ನೇರ ರಸ್ತೆಯಲ್ಲಿ ನಿಧಾನವಾಗಿ ಓಡಿಸಿದರೆ ನಾಲ್ಕೂ ಚಕ್ರದ ವೇಗ ಹೆಚ್ಚುಕಡಿಮೆ ಒಂದೇ ತೋರಿಸಬೇಕು. ಮೂರು 20 ತೋರಿಸಿ ಒಂದು ಸೊನ್ನೆ ತೋರಿಸಿದರೆ ಮೊದಲು ನೋಡಬೇಕಾದದ್ದು ಆ ಚಕ್ರವನ್ನೇ.

5. ತಂತಿ, ಸೆನ್ಸರ್, ರಿಂಗ್, ಬೇರಿಂಗ್: ಕೋಡ್ ಹೇಳಿದ ಚಕ್ರವನ್ನು ಬಿಚ್ಚಿ ನೋಡಬೇಕು. ಎಷ್ಟೋ ಸಲ ಕೆಸರು ಒರೆಸಿ, ಕನೆಕ್ಟರ್ ಸ್ವಚ್ಛ ಮಾಡಿದರೇ ಸಾಕು. ಕಾಯಿಲ್ ಇರುವ ಹಳೆಯ ಬಗೆಯ ಸೆನ್ಸರಾದರೆ ಮಲ್ಟಿಮೀಟರಿನಲ್ಲಿ ಸಾಮಾನ್ಯವಾಗಿ ಸಾವಿರ ಓಮ್ ಆಸುಪಾಸು ತೋರಿಸುತ್ತದೆ. ಪಕ್ಕದ ಒಳ್ಳೆಯ ಚಕ್ರದ ಸೆನ್ಸರಿನ ಜೊತೆ ಹೋಲಿಸಿದರೆ ಅನುಮಾನ ಬಗೆಹರಿಯುತ್ತದೆ. ಹೊಸ ಬಗೆಯ ಸೆನ್ಸರನ್ನು ಹೀಗೆ ಅಳೆಯಬಾರದು.

6. ಯೂನಿಟ್: ಇವೆಲ್ಲ ಮುಗಿದ ಮೇಲೆಯೇ ಇದರ ಮಾತು. ಕೆಟ್ಟಿದ್ದರೂ ಕೆಲವು ಬಗೆಯ ಯೂನಿಟ್ಟುಗಳನ್ನು ರಿಪೇರಿ ಮಾಡುವವರಿದ್ದಾರೆ. ವಿಚಾರಿಸಿ.

ಒಂದು ಪ್ರಶ್ನೆಯ ಬೆಲೆ

ನಮ್ಮ ಮನೆಯದು 2011ರ ಕಾರು. ಹೋದ ಮಳೆಗಾಲದಲ್ಲಿ ದೀಪ ಹತ್ತಿಕೊಂಡಿತು. ಮಗಳ ಪಿಯುಸಿ ಫೀಸು ಕಟ್ಟಬೇಕಿದ್ದ ತಿಂಗಳು ಅದು. ಒಂದು ಗ್ಯಾರೇಜಿನವರು ಚಕ್ರ ಸಹ ಬಿಚ್ಚದೆ, “ಯೂನಿಟ್ ಹೋಗಿದೆ ಮೇಡಂ, ಮೂವತ್ತೈದು ಸಾವಿರ ಆಗುತ್ತೆ” ಅಂದರು. ಕಾರಿನ ಪುಸ್ತಕ ಓದಿಕೊಂಡಿದ್ದ ನಾನು, “ಯಾವ ಚಕ್ರದ ಕೋಡ್ ಬಂತು?” ಎಂದು ಕೇಳಿದೆ. ಉತ್ತರ ಬರಲಿಲ್ಲ. ಯಜಮಾನರಿಗೆ ಕಣ್ಸನ್ನೆ ಮಾಡಿ ಕಾರನ್ನು ಹೊರಗೆ ತಂದೆವು. ಬೇರೊಬ್ಬ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ, ಹಿಂದಿನ ಎಡಚಕ್ರ ಬಿಚ್ಚಿ, “ನೋಡಿ ಅಕ್ಕಾ, ಇಲಿ ಮಾಡಿದ ಕೆಲಸ” ಎಂದು ಕಡಿದ ತಂತಿಯನ್ನು ಕೈಯಲ್ಲಿ ಹಿಡಿದು ತೋರಿಸಿದ. ತಂತಿಸಮೇತ ಹೊಸ ಸೆನ್ಸರ್ ಹಾಕಿದ್ದಕ್ಕೆ ಎರಡು ಸಾವಿರದೊಳಗೆ ಮುಗಿಯಿತು. ಫೀಸೂ ಕಟ್ಟಿದ್ದಾಯಿತು.

ಕೆಲಸ ಮುಗಿದ ಮೇಲೆ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ. ಕೋಡ್ ಅಳಿಸಿ, ನಿಮ್ಮೆದುರೇ ಒಂದು ಸುತ್ತು ಓಡಿಸಿ, ದೀಪ ಮತ್ತೆ ಹತ್ತುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಹೊಸ ಸೆನ್ಸರ್ ಹಾಕಿದ ಮೇಲೂ ಅದೇ ಕೋಡ್ ಬಂದರೆ ತಂತಿ ಅಥವಾ ರಿಂಗ್ ನೋಡಿಸಬೇಕು. ಮನೆಯಲ್ಲಿ ಜಾಕ್ ಏರಿಸಿ ಕಾರಿನಡಿ ತೂರಲು ಮಾತ್ರ ಯಾರನ್ನೂ ಬಿಡಬೇಡಿ.

ರಿಪೇರಿ ಆಗುವತನಕ

ಮುಂದಿನ ವಾಹನದಿಂದ ಹೆಚ್ಚು ಅಂತರವಿರಲಿ, ವೇಗ ಕಡಿಮೆಯಿರಲಿ, ಬೇಗನೇ ಮೆಲ್ಲಗೆ ಬ್ರೇಕ್ ಒತ್ತಲಿ. ಚಕ್ರ ಜಾರಿದರೆ ಪೆಡಲನ್ನು ಸ್ವಲ್ಪ ಬಿಟ್ಟು ಮತ್ತೆ ಒತ್ತಬೇಕು. ಎಬಿಎಸ್ ಸರಿಯಿರುವ ಕಾರಿನಲ್ಲಾದರೆ ಇದಕ್ಕೆ ತದ್ವಿರುದ್ಧ: ಅಪಾಯ ಬಂದಾಗ ಜೋರಾಗಿ ಒತ್ತಿ ಹಿಡಿದೇ ಇರಬೇಕು, ಪೆಡಲ್ ನಡುಗಿತೆಂದು ಕಾಲು ತೆಗೆಯಬಾರದು. ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ಇದನ್ನು ಹೇಳಿಕೊಡಿ.

ನಾಳೆ ಬೆಳಿಗ್ಗೆ ಕಾರು ಹೊರಡುವಾಗ ಒಂದು ನಿಮಿಷ ಬಾಗಿಲ ಬಳಿ ನಿಂತು, ಹಳದಿ ದೀಪ ಹತ್ತಿ ಆರಿತೇ ಎಂದು ನೋಡಿ. ಆರದಿದ್ದರೆ “ಸಂಜೆ ನೋಡೋಣ” ಎಂಬ ಮಾತಿಗೆ ಒಪ್ಪಬೇಡಿ. ಅವತ್ತೇ ಗ್ಯಾರೇಜಿಗೆ ಕಳಿಸಿ, ಜೊತೆಗೆ ಈ ಪ್ರಶ್ನೆಯನ್ನೂ ಕಳಿಸಿ: “ಯಾವ ಚಕ್ರದ ಕೋಡ್ ಬಂತು?”