ಒಳ ಉಡುಪಿನ ಅಳತೆಗೆ ಸಂಕೋಚವೇಕೆ?

ದಾವಣಗೆರೆ ಬಟ್ಟೆಯ ಊರು. ಹತ್ತಿ ಗಿರಣಿಗಳ ಕಾಲದಲ್ಲಿ ಇದಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು. ಗಿರಣಿಗಳ ಸದ್ದಡಗಿದರೂ ಜವಳಿ ವ್ಯಾಪಾರ ಕುಂದಿಲ್ಲ. ಹರಿಹರದವರು ಮದುವೆಯ ಜವಳಿಗೆಂದು ಇಂದಿಗೂ ಇಲ್ಲಿಗೇ ಬರುತ್ತಾರೆ. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಸಿಗುವ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ಬಟ್ಟೆಯ ನಾರನ್ನೇ ತಯಾರಿಸುತ್ತಾರೆ. ಇಷ್ಟೆಲ್ಲ ಬಟ್ಟೆಯ ನಡುವೆ ಬದುಕುವ ಹೆಣ್ಣುಮಕ್ಕಳಿಗೆ ಮೈಗೆ ಎಲ್ಲಕ್ಕಿಂತ ಹತ್ತಿರವಾದ ಉಡುಪೊಂದನ್ನು ಅಳತೆಗೆ ತಕ್ಕಂತೆ ಕೊಳ್ಳುವುದು ಮಾತ್ರ ಇನ್ನೂ ಕಷ್ಟವಾಗಿಯೇ ಉಳಿದಿದೆ. ನಾನು ಹೇಳುತ್ತಿರುವುದು ಬ್ರಾ ಕುರಿತು. ನಮ್ಮ ತಾಯಂದಿರು ಅದನ್ನು ‘ಬಾಡಿ’ ಎನ್ನುತ್ತಿದ್ದರು. ಆ ಹೆಸರನ್ನೂ ದನಿ ತಗ್ಗಿಸಿಯೇ ಹೇಳುತ್ತಿದ್ದರು.

ಪತ್ರಿಕೆಯಲ್ಲಿ ಚರ್ಚಿಸುವಂಥ ವಿಷಯವೇ ಇದು ಎಂದು ಹುಬ್ಬೇರಿಸುವವರು ಇರಬಹುದು. ಆದರೆ ರವಿಕೆಯ ವಿಚಾರದಲ್ಲಿ ನಮಗೆ ಯಾವ ಮುಜುಗರವೂ ಇಲ್ಲ. ದರ್ಜಿಗೆ ಅಳತೆಯ ರವಿಕೆ ಕೊಡುತ್ತೇವೆ, ತೋಳು ಬಿಗಿಯಾದರೆ ಬಿಚ್ಚಿಸುತ್ತೇವೆ, ಕುತ್ತಿಗೆ ಸಡಿಲವಾದರೆ ಮತ್ತೆ ಹೊಲಿಸುತ್ತೇವೆ. ಅದೇ ರವಿಕೆಯ ಒಳಗಿನ ಉಡುಪಿಗೆ ಬಂದರೆ ಒಂದೇ ಒಂದು ಸಂಖ್ಯೆಯನ್ನು ಪಿಸುಗುಟ್ಟಿ, ಕಾಗದದಲ್ಲಿ ಸುತ್ತಿಕೊಟ್ಟಿದ್ದನ್ನು ಚೀಲಕ್ಕೆ ತುರುಕಿಕೊಂಡು ಹೊರಬೀಳುತ್ತೇವೆ.

ಈಚೆಗೆ ಪಿಯುಸಿ ಓದುತ್ತಿರುವ ಅಕ್ಕನ ಮಗಳೊಂದಿಗೆ ಪೇಟೆಯ ಅಂಗಡಿಯೊಂದಕ್ಕೆ ಹೋಗಿದ್ದೆ. ಕೌಂಟರಿನ ಹಿಂದಿದ್ದವರು ಗಂಡಸರು. ‘ಸೈಜ್ ಎಷ್ಟ್ರೀ ಅಕ್ಕಾರ?’ ಎಂದು ಸಭ್ಯವಾಗಿಯೇ ಕೇಳಿದರು. ಅವಳ ಕಣ್ಣು ನೆಲ ನೋಡುತ್ತಿತ್ತು. ಅಳೆಯಲು ಟೇಪು ಕೇಳಿದಾಗ ಅವರೇ ನಮಗಿಂತ ಹೆಚ್ಚು ಗಲಿಬಿಲಿಗೊಂಡರು. ತೊಟ್ಟು ನೋಡುವ ಕೋಣೆ ಇರಲಿಲ್ಲ. ಕೊಂಡದ್ದನ್ನು ಹಿಂದಿರುಗಿಸುವಂತೆಯೂ ಇರಲಿಲ್ಲ. ಮನೆಗೆ ಬಂದು ಟೇಪು ಹಿಡಿದು ಕುಳಿತೆವು.

ಲೆಕ್ಕ ಕಠಿಣವೇನಲ್ಲ. ಎದೆಯ ಕೆಳಗೆ, ಪಕ್ಕೆಲುಬುಗಳ ಸುತ್ತ ಟೇಪನ್ನು ಸಮವಾಗಿ, ಮೈಗೆ ಅಂಟುವಂತೆ ಹಿಡಿದಾಗ ಸಿಗುವುದು ಪಟ್ಟಿಯ ಅಳತೆ. ಎದೆಯ ಅತಿ ಉಬ್ಬಿದ ಭಾಗದ ಸುತ್ತ ಬಿಗಿಯದೆ ಹಿಡಿದಾಗ ಸಿಗುವುದು ಎರಡನೆಯ ಅಳತೆ. ಇವೆರಡರ ನಡುವಿನ ಅಂತರವೇ ಕಪ್. ಒಂದು ಇಂಚಿಗೆ ‘ಎ’, ಎರಡಕ್ಕೆ ‘ಬಿ’, ಮೂರಕ್ಕೆ ‘ಸಿ’, ನಾಲ್ಕಕ್ಕೆ ‘ಡಿ’. ಮೊದಲ ಅಳತೆ 32, ಎರಡನೆಯದು 36 ಇದ್ದರೆ ಆಕೆಗೆ ಬೇಕಾದದ್ದು 32 ಡಿ. ಆದರೆ ‘ಡಿ’ ಎಂದರೆ ಬಲು ದೊಡ್ಡದು ಎಂಬ ಭಾವನೆ ನಮ್ಮಲ್ಲಿದೆ. ಹಾಗಾಗಿ ಅವಳ ಕೈಗೆ ಬರುವುದು 36 ಬಿ. ಸ್ವಾರಸ್ಯವೆಂದರೆ 32 ಡಿ, 34 ಸಿ, 36 ಬಿ ಮೂರರ ಕಪ್ಪಿನ ಗಾತ್ರವೂ ಹೆಚ್ಚುಕಡಿಮೆ ಒಂದೇ. ಕಪ್ ಕೂತಿತೆಂದು ಅಂಗಡಿಯವರಿಗೂ ಕೊಂಡವಳಿಗೂ ಸಮಾಧಾನ. ಆದರೆ ಪಟ್ಟಿ ನಾಲ್ಕು ಇಂಚು ಸಡಿಲ. ಅದು ಬೆನ್ನಿನ ಮೇಲೆ ಏರುತ್ತದೆ, ಭಾರವೆಲ್ಲ ಹೆಗಲಿನ ಪಟ್ಟಿಗಳಿಗೆ ಬೀಳುತ್ತದೆ, ಸಂಜೆಯ ಹೊತ್ತಿಗೆ ಭುಜದಲ್ಲಿ ಕೆಂಪು ಗೆರೆ, ಕುತ್ತಿಗೆಯಲ್ಲಿ ನೋವು.

ಆಧಾರ ಸಿಗಬೇಕಾದದ್ದು ಹೆಗಲಿನಿಂದಲ್ಲ, ಕೆಳಗಿನ ಪಟ್ಟಿಯಿಂದ. ಸ್ತನದಲ್ಲಿ ಅದನ್ನು ಎತ್ತಿಹಿಡಿಯುವ ಸ್ನಾಯುಗಳಿಲ್ಲ. ಚರ್ಮ ಮತ್ತು ತೆಳುವಾದ ತಂತುಗಳೇ ಆಸರೆ. ಹೊಸದನ್ನು ಕೊಳ್ಳುವಾಗ ಅತಿ ಹೊರಗಿನ ಕೊಕ್ಕೆಗೆ ಹಾಕಿದಾಗಲೇ ಸರಿಯಾಗಿರಬೇಕು. ಸಡಿಲವಾದಂತೆ ಒಳಗಿನ ಕೊಕ್ಕೆಗಳಿವೆ. ಪಟ್ಟಿಯಡಿ ಎರಡು ಬೆರಳು ತೂರಬೇಕು, ಕೈಯೆತ್ತಿದರೆ ಅದು ಕದಲಬಾರದು. ಎರಡು ಬದಿಯಲ್ಲಿ ಅಲ್ಪ ವ್ಯತ್ಯಾಸವಿರುವುದು ಸಹಜ. ದೊಡ್ಡ ಬದಿಗೆ ಹೊಂದುವುದನ್ನೇ ಆರಿಸಬೇಕು. ಬಸಿರು, ಬಾಣಂತನ, ಮುಟ್ಟು ನಿಲ್ಲುವ ಕಾಲ, ಎಲ್ಲವೂ ಅಳತೆಯನ್ನು ಬದಲಿಸುತ್ತವೆ. ಕಂಪನಿಯಿಂದ ಕಂಪನಿಗೂ ವ್ಯತ್ಯಾಸವಿರುವುದರಿಂದ ತೊಟ್ಟು ನೋಡದೆ ನಿರ್ಧರಿಸುವಂತಿಲ್ಲ.

ಇದು ನಮ್ಮೂರಿನದಷ್ಟೇ ಪಾಡಲ್ಲ. ಮೇರಿ ಫೆಲ್ಪ್ಸ್ ಜೇಕಬ್ ಎಂಬಾಕೆ ಅಮೆರಿಕದಲ್ಲಿ ಬ್ರಾಗೆ ಪೇಟೆಂಟ್ ಪಡೆದದ್ದು 1914ರಲ್ಲಿ. ಕಪ್ಪಿಗೆ ಅಕ್ಷರಗಳು ಬಂದದ್ದು 1930ರ ದಶಕದಲ್ಲಿ. 2008ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ 30 ಯುವತಿಯರ ಪೈಕಿ ಶೇ 80ರಷ್ಟು ಮಂದಿ ತಪ್ಪು ಅಳತೆಯದನ್ನು ತೊಟ್ಟಿದ್ದರು. ಇನ್ನು ಬ್ರಾ ತೊಟ್ಟರೆ ಸ್ತನ ಕ್ಯಾನ್ಸರ್ ಬರುತ್ತದೆಂಬ ಮಾತು ಸುಶಿಕ್ಷಿತರ ನಡುವೆಯೂ ಓಡಾಡುತ್ತಿದೆ. 2014ರಲ್ಲಿ ಅಮೆರಿಕದ ಸಿಯಾಟಲ್‌ನ ಸಂಶೋಧಕರು ಒಂದೂವರೆ ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಪ್ರಶ್ನಿಸಿ ನೋಡಿದಾಗ ಅಂಥ ಯಾವ ನಂಟೂ ಕಾಣಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಎಳೆಯ ಹುಡುಗಿಯರ ಸಂಗತಿ. ಏಳನೆಯ ತರಗತಿವರೆಗೆ ಮೈದಾನದಲ್ಲಿ ಓಡುತ್ತಿದ್ದವರು ಪ್ರೌಢಶಾಲೆಗೆ ಬರುವಷ್ಟರಲ್ಲಿ ಬೇಲಿಯ ಪಕ್ಕ ಕೈಕಟ್ಟಿ ನಿಂತಿರುವುದನ್ನು ನೋಡುತ್ತೇವೆ. ಅದಕ್ಕೆ ಹಲವು ಕಾರಣಗಳಿರಬಹುದು. ಓಡುವಾಗ ಆಗುವ ನೋವು, ನೋಡುವವರ ಕಣ್ಣಿನ ಅಂಜಿಕೆ ಅವುಗಳಲ್ಲಿ ಒಂದು. ಅಕ್ಕನ ಮಗಳು ಖೋಖೋ ಬಿಡುವ ಯೋಚನೆಯಲ್ಲಿದ್ದಳು. ‘ಓಡಿದ್ರ ನೋವಾಗ್ತದ ಚಿಕ್ಕಮ್ಮ’ ಎಂದು ಅವಳು ಬಾಯಿಬಿಟ್ಟದ್ದು ಟೇಪು ಹಿಡಿದು ಕುಳಿತ ಆ ಸಂಜೆಯೇ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಪರಿಹಾರಕ್ಕೆ ಸರ್ಕಾರದ ಯೋಜನೆ ಬೇಕಿಲ್ಲ. ಚೌಕಿಪೇಟೆಯಲ್ಲಾಗಲಿ, ಹರಿಹರದ ಪೇಟೆಯಲ್ಲಾಗಲಿ, ಅಂಗಡಿಯೊಂದರಲ್ಲಿ ಅಳತೆ ತಿಳಿದ ಒಬ್ಬ ಹೆಣ್ಣುಮಗಳು, ಒಂದು ಟೇಪು, ಪರದೆ ಎಳೆದ ಒಂದು ಮೂಲೆ ಇದ್ದರೆ ಸಾಕು. ವ್ಯಾಪಾರಕ್ಕೂ ಅದು ಲಾಭವೇ. ಶಾಲೆಗಳಲ್ಲಿ ಶಿಕ್ಷಕಿಯರು ಮುಟ್ಟಿನ ಬಗ್ಗೆ ತಿಳಿಹೇಳುವ ದಿನವೇ ಇದಕ್ಕೂ ಹತ್ತು ನಿಮಿಷ ಕೊಡಬಹುದು. ಮನೆಯಲ್ಲಿ ತಾಯಂದಿರು ವರ್ಷಕ್ಕೊಮ್ಮೆ ಮಗಳ ಅಳತೆ ತೆಗೆಯಲಿ, ಜತೆಗೆ ತಮ್ಮದನ್ನೂ. ಒಗೆದದ್ದನ್ನು ಸೀರೆಯ ಮರೆಯಲ್ಲಿ ಮುಚ್ಚಿಡದೆ ಬಿಸಿಲಿಗೆ ಹಾಕುವ ಧೈರ್ಯವೂ ಅದರೊಂದಿಗೆ ಬಂದರೆ ಒಳ್ಳೆಯದು.