ಲಕ್ಷಾಂತರ ಜನ... ಒಬ್ಬಳೇ ಹುಡುಗಿ... ಒಂದು ಗಿಟಾರು!

ಪರದೆ ಮೇಲೆ ಹೀರೋ ಒಬ್ಬನೇ ಇಪ್ಪತ್ತು ರೌಡಿಗಳನ್ನು ಎದುರಿಸಿದರೆ ನಾವು ಶಿಳ್ಳೆ ಹೊಡೀತೀವಿ. ಎಲ್ಲಾ ಸ್ಟಂಟ್ ಮಾಸ್ಟರ್ ಹೇಳಿಕೊಟ್ಟದ್ದು ಅಂತ ಗೊತ್ತಿದ್ದರೂ ಹೊಡೀತೀವಿ! ಆದರೆ 26 ವರ್ಷದ ಹುಡುಗಿಯೊಬ್ಬಳು ರೊಚ್ಚಿಗೆದ್ದ ಲಕ್ಷಾಂತರ ಜನರನ್ನು ಎದುರಿಸಿ ಗೆದ್ದ ಕಥೆ ಕೇಳಿದ್ದೀರಾ? ಅಲ್ಲಿ ಡ್ಯೂಪ್ ಇರಲಿಲ್ಲ, ರೀಟೇಕ್ ಇರಲಿಲ್ಲ. ಕ್ಯಾಮೆರಾ ಮಾತ್ರ ಓಡುತ್ತಿತ್ತು!

ಜಾಗ, ಇಂಗ್ಲೆಂಡಿನ ದಕ್ಷಿಣಕ್ಕೆ ಸಮುದ್ರದ ನಡುವೆ ಇರುವ ಐಲ್ ಆಫ್ ವೈಟ್ ದ್ವೀಪ. ದಿನ, 1970ರ ಆಗಸ್ಟ್ 29, ಶನಿವಾರ, ಹಾಡುಹಗಲು. ಹುಡುಗಿ, ಕೆನಡಾದ ಗಾಯಕಿ ಜೋನಿ ಮಿಚೆಲ್.

ಆ ದ್ವೀಪದಲ್ಲಿ ಆಗ ಇದ್ದ ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಸಂಗೀತೋತ್ಸವಕ್ಕೆ ಬಂದವರು ಆರು ಲಕ್ಷ ಅಂತ ಹೇಳುವ ವಾಡಿಕೆ ಇದೆ. ಅಷ್ಟೆಲ್ಲಾ ಇರಲಿಲ್ಲ, ಇದು ಉಬ್ಬಿಸಿದ ಲೆಕ್ಕ ಅನ್ನುವವರೂ ಉಂಟು. ಇರಲಿ ಬಿಡಿ, ಅರ್ಧ ಅಂದುಕೊಂಡರೂ ಎದೆ ನಡುಗಿಸುವ ಗುಂಪೇ! ಟಿಕೆಟ್ಟು ಮೂರು ಪೌಂಡ್. ಸುತ್ತ ತಗಡಿನ ಬೇಲಿ. ಪಕ್ಕದಲ್ಲೇ ಆಫ್ಟನ್ ಡೌನ್ ಎಂಬ ಗುಡ್ಡ. ಕಾಸಿಲ್ಲದವರು, ಕಾಸು ಕೊಡಲೊಲ್ಲದವರು ಗುಡ್ಡ ಹತ್ತಿ ಕೂತರು, ಪುಕ್ಕಟೆ ಬಾಲ್ಕನಿ! ಅಷ್ಟಕ್ಕೇ ಸುಮ್ಮನಿರಲಿಲ್ಲ. “ಸಂಗೀತಕ್ಕೆ ದುಡ್ಡು ಯಾಕೆ, ಬೇಲಿ ಯಾಕೆ?” ಅಂತ ಗಲಾಟೆ ಎದ್ದು, ತಗಡು ಕಿತ್ತು ಬಂತು. ವ್ಯವಸ್ಥಾಪಕರಿಗೂ ಜನಕ್ಕೂ ಹಾವು ಮುಂಗುಸಿ ಸಂಬಂಧ. ಆ ಸಿಟ್ಟಿಗೆ ವೇದಿಕೆ ಹತ್ತಿದವರೆಲ್ಲ ಗುರಿ. ಮುಂದೆ ‘ಎ ಸ್ಟಾರ್ ಈಸ್ ಬಾರ್ನ್’ ಚಿತ್ರದ ನಾಯಕನಾದ ಕ್ರಿಸ್ ಕ್ರಿಸ್ಟಾಫರ್‌ಸನ್ ಕೂಡ ಆ ಉತ್ಸವದಲ್ಲಿ ಕೂಗಾಟ ತಿಂದವನೇ.

ಅಂಥಾ ಕೆಂಡದ ಮೇಲೆ ಬಂದು ನಿಂತವಳು ಜೋನಿ. ಅದೇ ದಿನದ ಪಟ್ಟಿಯಲ್ಲಿದ್ದವರು ಯಾರು ಗೊತ್ತೇ? ದಿ ಹೂ, ದಿ ಡೋರ್ಸ್, ಮೈಲ್ಸ್ ಡೇವಿಸ್... ಇನ್ನೊಂದು ತಂಡವಂತೂ ವೇದಿಕೆ ಮೇಲೆ ಫಿರಂಗಿಯನ್ನೇ ಹಾರಿಸಿತು! ಇವಳಿಗೋ ಡ್ರಮ್ಮಿಲ್ಲ, ಪಕ್ಕವಾದ್ಯವಿಲ್ಲ. ಕರೆಂಟಿನ ಹಂಗಿಲ್ಲದ ಗಿಟಾರು, ಒಂದು ಪಿಯಾನೋ, ಮಡಿಲಲ್ಲಿಟ್ಟುಕೊಂಡು ನುಡಿಸುವ ಡಲ್ಸಿಮರ್, ಅಷ್ಟೇ. ಇಂಥಾ ಹಾಡಿಗೆ ಮೌನವೇ ತಾಳ. ಆ ಮೌನವೇ ಅಲ್ಲಿ ನಾಪತ್ತೆ! ಎರಡನೇ ಹಾಡನ್ನು ಅರ್ಧಕ್ಕೇ ಕೈಬಿಟ್ಟಳು.

ಆಮೇಲೆ ಪಿಯಾನೋ ಮುಂದೆ ಕೂತು ‘ವುಡ್‌ಸ್ಟಾಕ್’ ಎತ್ತಿಕೊಂಡಳು. ಈ ಹಾಡಿಗೂ ಒಂದು ಕಥೆ ಇದೆ, ಕೇಳಿ. 1969ರ ವುಡ್‌ಸ್ಟಾಕ್ ಉತ್ಸವಕ್ಕೆ ಅವಳು ಹೋಗೇ ಇರಲಿಲ್ಲ! ಮಾರನೇ ದಿನದ ಟೀವಿ ಕಾರ್ಯಕ್ರಮ ತಪ್ಪೀತು ಅಂತ ಮ್ಯಾನೇಜರು ಬಿಡಲಿಲ್ಲ. ನ್ಯೂಯಾರ್ಕಿನ ಹೋಟೆಲಿನಲ್ಲಿ ಟೀವಿ ನೋಡುತ್ತಾ, ಹೋಗಲಾಗದ ಸಂಕಟದಲ್ಲಿ ಬರೆದ ಹಾಡದು. 1970ರ ‘ವುಡ್‌ಸ್ಟಾಕ್’ ಚಿತ್ರದ ಕೊನೆಯಲ್ಲಿ ಬರುವುದೂ ಅದೇ ಹಾಡು, ಆದರೆ ಬೇರೆಯವರ ದನಿಯಲ್ಲಿ.

ಶಾಂತಿಯ ಆ ಹಾಡು ಮುಗಿಯುತ್ತಿದ್ದಂತೆ, ವೇದಿಕೆ ಹತ್ತಿ ಪಕ್ಕದಲ್ಲೇ ಕೂತಿದ್ದ ಯುವಕನೊಬ್ಬ ಮೈಕಿಗೆ ಕೈ ಹಾಕಿ ಭಾಷಣಕ್ಕಿಳಿದ! ಅವಳಿಗೆ ಮೊದಲೇ ಪರಿಚಯವಿದ್ದವನೇ. ಅವಳ ಕಡೆಯವರು ಅವನನ್ನು ಎಳೆದುಕೊಂಡು ಹೋದರು. ಅಷ್ಟು ಸಾಕಾಯ್ತು ನೋಡಿ, ಮೈದಾನ ಪೂರಾ ‘ಬೂ’ ಅಂತ ಬೊಬ್ಬೆ!

ಜೋನಿ ಮುಂದಿನ ಹಾಡಿನ ಸ್ವರ ಹಿಡಿದಳು. ಆಗಲಿಲ್ಲ. ನಿಲ್ಲಿಸಿದಳು. ಕಣ್ಣಲ್ಲಿ ನೀರು, ಗಂಟಲು ಬಿಗಿದಿತ್ತು. ಎದ್ದು ಹೋಗಿದ್ದರೆ ಯಾರು ತಪ್ಪು ಅನ್ನುತ್ತಿದ್ದರು? ಹೋಗಲಿಲ್ಲ! ಜನರ ಜೊತೆ ಮಾತಿಗೇ ನಿಂತಳು. ಹೋದ ಭಾನುವಾರ ಮರುಭೂಮಿಯಲ್ಲಿ ಹೋಪಿ ಆದಿವಾಸಿಗಳ ಕುಣಿತ ನೋಡಲು ಹೋಗಿದ್ದೆ, ಅಲ್ಲಿ ಪ್ರವಾಸಿಗಳೂ ಬಂದಿದ್ದರು, ಈಗ ನೀವು ಆ ಪ್ರವಾಸಿಗಳ ಥರ ಆಡುತ್ತಿದ್ದೀರಿ, ನಮಗೂ ಸ್ವಲ್ಪ ಮರ್ಯಾದೆ ಕೊಡಿ... ಹೀಗೆ ಸಾಗಿತು ಆ ಮಾತು. ಅಷ್ಟು ದೊಡ್ಡ ಗುಂಪಿಗೆ ಮುಖಕ್ಕೆ ಹೊಡೆದ ಹಾಗೆ! ಬೇಡಿಕೊಂಡಳೋ, ಬೈದಳೋ? ನೋಡಿದರೆ ಎರಡೂ ಅನ್ನಿಸುತ್ತದೆ.

ಗಲಾಟೆ ಅಡಗಿತು. ‘ಮೈ ಓಲ್ಡ್ ಮ್ಯಾನ್’ ಹಾಡಿದಳು, ‘ಕ್ಯಾಲಿಫೋರ್ನಿಯಾ’ ಹಾಡಿದಳು. ಇವೆರಡೂ ಆಗಿನ್ನೂ ರೆಕಾರ್ಡಿನಲ್ಲಿ ಬಂದಿರಲಿಲ್ಲ ಸ್ವಾಮಿ! 1971ರ ಜೂನ್‌ನಲ್ಲಿ ಬಂದ ‘ಬ್ಲೂ’ ಎಂಬ ಪ್ರಖ್ಯಾತ ಆಲ್ಬಮ್ಮಿನವು. ಸ್ವಲ್ಪ ಮುಂಚೆ ಬೊಬ್ಬೆ ಹಾಕಿದವರಿಗೇ ಆ ಹಾಡುಗಳನ್ನು ಮುಂಚಿತವಾಗಿ ಕೇಳುವ ಭಾಗ್ಯ! ‘ಬಿಗ್ ಯೆಲ್ಲೋ ಟ್ಯಾಕ್ಸಿ’ ಹೊತ್ತಿಗೆ ಬಯಲಿನ ಮುಖವೇ ಬೇರೆ. ಮುಂದೆ ಸಂದರ್ಶನವೊಂದರಲ್ಲಿ ಅವಳು ಆ ಗುಂಪನ್ನು ಮೃಗಕ್ಕೆ ಹೋಲಿಸಿ, ಕೊನೆಗೆ ಮೃಗ ಮಲಗಿತು ಅಂದಳು.

ಅವತ್ತು ಅಲ್ಲಿದ್ದ ಹುಡುಗರು ಈಗ ಎಪ್ಪತ್ತು ದಾಟಿದ ತಾತಂದಿರು. ಒಬ್ಬೊಬ್ಬರದು ಒಂದೊಂದು ನೆನಪು. ಮುಂದೆ ಕೂತವನಿಗೆ ಅವಳ ಕಣ್ಣೀರು ಕಂಡಿತ್ತು. ಗುಡ್ಡದ ಮೇಲಿನವನಿಗೆ ಅವಳು ಎಳ್ಳಿನ ಕಾಳಿನಷ್ಟು, ದನಿ ಮಾತ್ರ ಗಾಳಿಯಲ್ಲಿ ತೇಲಿ ಬರಬೇಕು. ‘ಜನ ಜೋನಿಗೇ ಬೂ ಅಂದರು’ ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ. ಆದರೆ ಫಿಲ್ಮು ನೋಡಿದರೆ ಆ ಸಿಟ್ಟಿನ ಬಹುಪಾಲು ಹುಡುಗನನ್ನು ಎಳೆದೊಯ್ದವರ ಮೇಲೆ, ಬೇಲಿ ಕಟ್ಟಿದವರ ಮೇಲೆ ಅನ್ನಿಸುತ್ತದೆ. ಏಟು ಬಿದ್ದದ್ದು ಮಾತ್ರ ಎದುರಿಗಿದ್ದವಳಿಗೆ!

ಹೌದು, ಫಿಲ್ಮು ಉಳಿದದ್ದೇ ಪುಣ್ಯ. ಚಿತ್ರೀಕರಿಸಿದವರು ಮರ್ರೆ ಲರ್ನರ್. ಮುಂದೆ ಪಿಟೀಲು ವಿದ್ವಾಂಸ ಐಸಾಕ್ ಸ್ಟರ್ನ್‌ರ ಚೀನಾ ಪ್ರವಾಸದ ಚಿತ್ರಕ್ಕೆ ಆಸ್ಕರ್ ಗೆದ್ದವರು. ಅಂಥವರ ರೀಲುಗಳೇ ಸುಮಾರು 25 ವರ್ಷ ಡಬ್ಬದಲ್ಲಿ ಕೊಳೆಯುತ್ತಾ ಬಿದ್ದಿದ್ದವು! 1990ರ ದಶಕದಲ್ಲಿ ‘ಮೆಸೇಜ್ ಟು ಲವ್’ ಹೆಸರಲ್ಲಿ ಉತ್ಸವದ ಚಿತ್ರ ಹೊರಬಂತು. ಜೋನಿಯ ಕಛೇರಿಯೇ ಪ್ರತ್ಯೇಕ ಚಿತ್ರವಾಗಿ ಬಂದದ್ದು 2018ರಲ್ಲಿ. ಲರ್ನರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಐಲ್ ಆಫ್ ವೈಟ್ ಕಥೆ? 5,000ಕ್ಕಿಂತ ಹೆಚ್ಚು ಜನ ಪರವಾನಗಿ ಇಲ್ಲದೆ ರಾತ್ರಿ ತಂಗುವ ಹಾಗಿಲ್ಲ ಅಂತ 1971ರಲ್ಲಿ ಪಾರ್ಲಿಮೆಂಟೇ ಕಾಯ್ದೆ ಮಾಡಿತು. ಉತ್ಸವ ಮತ್ತೆ ಶುರುವಾದದ್ದು 2002ರಲ್ಲಿ. ಜೋನಿಯೋ, 2015ರಲ್ಲಿ ಮಿದುಳಿನ ರಕ್ತನಾಳಕ್ಕೆ ಪೆಟ್ಟು ಬಿದ್ದು ಮಾತು, ನಡಿಗೆ ಎರಡನ್ನೂ ಮತ್ತೆ ಕಲಿಯಬೇಕಾಯಿತು. 2022ರ ಜುಲೈನಲ್ಲಿ ಅಮೆರಿಕದ ನ್ಯೂಪೋರ್ಟ್ ಉತ್ಸವದಲ್ಲಿ ದಿಢೀರನೆ ಪ್ರತ್ಯಕ್ಷಳಾಗಿ, 78ರ ವಯಸ್ಸಿನಲ್ಲಿ, ಕುರ್ಚಿ ಮೇಲೆ ಕೂತು ‘ಬೋತ್ ಸೈಡ್ಸ್ ನೌ’ ಹಾಡಿದಳು. ಐಲ್ ಆಫ್ ವೈಟ್‌ನಲ್ಲಿ ಹಾಡಿದ ಅದೇ ಹಾಡು! ಈ ಸಲ ಅಳುತ್ತಿದ್ದವರು ಅವಳ ಸುತ್ತ ಕೂತ ಕಲಾವಿದರು.